ಮಾವ ಹೇಳಿದ ಪೆನಾಲ್ಟಿ

ನಮ್ಮ ಬೀದಿಯವರು ಫುಟ್‌ಬಾಲ್ ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ತಂಡವೇನೋ ನಮ್ಮದೇ. ಬೀದಿಯ ಹುಡುಗರೇ ಕೆಲಸ ಮುಗಿಸಿ ಬಂದು, ಗೋದಾಮಿನ ಹಿಂದಿನ ಬಯಲಿನಲ್ಲಿ ಚೆಂಡು ಕಾಣದಷ್ಟು ಕತ್ತಲಾಗುವವರೆಗೆ ಆಡುತ್ತಿದ್ದರು. ಆದರೆ ದೊಡ್ಡ ಪಂದ್ಯಗಳೆಲ್ಲ ಪರ ಊರಿನಲ್ಲೇ. ಆಟಗಾರರು ಪೀಪಾಯಿ ಸಾಗಿಸುವ ಲಾರಿಯ ಹಿಂದೆ ಹತ್ತಿಕೊಂಡು ಹೋಗುತ್ತಿದ್ದರು, ಮರುದಿನ ಬೆಳಿಗ್ಗೆ ಅದೇ ಲಾರಿಯಲ್ಲಿ ಬರುತ್ತಿದ್ದರು. ಅಲ್ಲಿಯವರೆಗೆ ಕಾಯುವ ತಾಳ್ಮೆ ಬೀದಿಗೆ ಎಲ್ಲಿಂದ ಬರಬೇಕು? ಹಾಗಾಗಿ ಎಲ್ಲರೂ ಸೇರಿ ಒಬ್ಬನನ್ನು ಬಸ್ಸಿಗೆ ಹತ್ತಿಸಿ ಕಳಿಸುತ್ತಿದ್ದರು. ಅವನ ಕೆಲಸ ಇಷ್ಟೇ: ಆಟ ನೋಡಬೇಕು, ಕಡೆಯ ಬಸ್ಸು ಹಿಡಿಯಬೇಕು, ಬಂದು ನಮ್ಮ ಅಪ್ಪನ ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ಕೂತು ಮೊದಲಿನಿಂದ ಕೊನೆಯವರೆಗೂ ಹೇಳಬೇಕು.

ಮೊದಮೊದಲು ಪೋಸ್ಟ್‌ಮ್ಯಾನ್‌ನನ್ನು ಕಳಿಸಿದ್ದರಂತೆ. ಅವನು ಬಸ್ಸಿಳಿದವನೇ "ಸೋತ್ರು" ಅಂದು ಊಟಕ್ಕೆ ಮನೆಗೆ ಹೋಗಿಬಿಟ್ಟನಂತೆ. ಆಮೇಲೆ ಎಷ್ಟೋ ದಿನ ಬೀದಿ ಅವನ ಜೊತೆ ಮಾತು ಬಿಟ್ಟಿತ್ತು. ಸೋತದ್ದಕ್ಕಲ್ಲ, ಹಾಗೆ ಹೇಳಿದ್ದಕ್ಕೆ. ಆಮೇಲೆ ಆ ಕೆಲಸ ನನ್ನ ಸೋದರಮಾವನ ಪಾಲಿಗೆ ಬಂತು.

ಮಾವ ಅಪ್ಪನ ಅಂಗಡಿಯಲ್ಲೇ ಕಾಜಾ ಹಾಕುತ್ತಿದ್ದ, ಗುಂಡಿ ಹಚ್ಚುತ್ತಿದ್ದ. ಆಟವಾಡಲು ಬರುತ್ತಿರಲಿಲ್ಲ, ಚೆಂಡು ಹತ್ತಿರ ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡುವ ಜಾತಿ. ಆದರೆ ಹೇಳಲು ಕೂತನೆಂದರೆ ಇಸ್ತ್ರಿಪೆಟ್ಟಿಗೆಯ ಕೆಂಡ ಆರಿದ್ದೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನದೊಂದು ಕ್ರಮವಿತ್ತು. ಮೊದಲು ಒಂದು ಲೋಟ ನೀರು. ಗೆದ್ದದ್ದು ಯಾರು ಎಂದು ಯಾರೂ ಕೇಳುವ ಹಾಗಿಲ್ಲ. ಯಾರಾದರೂ ತಡೆಯಲಾರದೆ "ಅದೊಂದು ಹೇಳ್ಬಿಡು ಮಾರಾಯ" ಎಂದರೆ, "ಮೊದ್ಲು ಮೈದಾನ ಹೇಳ್ತೀನಿ" ಅನ್ನುತ್ತಿದ್ದ. ಮೈದಾನ, ಹುಲ್ಲು, ಗಾಳಿ ಬರುವ ದಿಕ್ಕು, ಎದುರಾಳಿಗಳ ಬನಿಯನ್ನಿನ ಬಣ್ಣ. ಎಲ್ಲ ಆದ ಮೇಲೆಯೇ ಚೆಂಡು ಒಳಗೆ ಬರಬೇಕು. ನಾನು ಹೊಲಿಗೆ ಯಂತ್ರದ ಚಕ್ರಕ್ಕೆ ಒರಗಿ ಕೂತು ಕೇಳುತ್ತಿದ್ದೆ. ಚಕ್ರ ತಣ್ಣಗಿರುತ್ತಿತ್ತು, ಅದರ ಎಣ್ಣೆಯ ವಾಸನೆ ಈಗಲೂ ನನಗೆ ಫುಟ್‌ಬಾಲಿನ ವಾಸನೆಯೇ.

ಮಾವ ಹೇಳಿದ ಆಟಗಳಲ್ಲೆಲ್ಲ ದೊಡ್ಡದು ಕಪ್ ಗೆದ್ದ ಆಟ. ನಾವು ಒಂದು ಗೋಲು ಮುಂದಿದ್ದೇವೆ, ಇನ್ನೇನು ಮುಗಿಯಬೇಕು, ಆಗ ಅವರಿಗೆ ಪೆನಾಲ್ಟಿ. ನಮ್ಮ ಗೋಲಿನಲ್ಲಿ ನಿಂತವನು ಬೀದಿಯ ತುದಿಯ ಸಲೂನಿನ ಹುಡುಗ. ಆ ಪೆನಾಲ್ಟಿ ಹಿಡಿದದ್ದಕ್ಕೇ ಅವನಿಗೆ ಉಡ ಎಂದು ಹೆಸರಾಯಿತು. ಹಿಡಿದರೆ ಬಿಡದವನು ಎಂದು. ಸ್ವಂತ ಹೆಸರು ಈಗ ಅವನ ಮನೆಯವರಿಗೂ ನೆನಪಿದೆಯೋ ಇಲ್ಲವೋ. ಆಮೇಲೆ ಮಾವ ಬದುಕಿರುವಷ್ಟು ಕಾಲವೂ ಉಡ ಅವನಿಗೆ ಬಿಟ್ಟಿ ಕ್ಷೌರ ಮಾಡಿದ. ಎಷ್ಟೇ ಜನ ಕಾಯುತ್ತಿರಲಿ, ಭಾನುವಾರ ಮೊದಲ ಕುರ್ಚಿ ಮಾವನಿಗೇ. ಮಾವನ ತಲೆಯಲ್ಲಿ ಕೂದಲೇ ಉಳಿಯದ ಕಾಲದಲ್ಲೂ ಕತ್ತರಿ ಗಾಳಿಯಲ್ಲಿ ಕಿಚಿಕಿಚಿ ಅನ್ನುತ್ತಿತ್ತು. ಕತ್ತಿಗೆ ಪೌಡರ್ ಹಾಕಿಸಿಕೊಂಡು ಮನೆಗೆ ಬಂದು ಮಾವ ನನಗೆ ಹೇಳುತ್ತಿದ್ದ: "ಉಡ ದೊಡ್ಡ ಮನುಷ್ಯ ಕಣೇ ಪುಟ್ಟಿ. ಬಾಯಿ ಬಿಡಲ್ಲ."

ಯಾವುದರ ಬಗ್ಗೆ ಬಾಯಿ ಬಿಡುವುದಿಲ್ಲ ಎಂದು ನಾನು ಕೇಳಲಿಲ್ಲ. ಮಾತು ಕಡಿಮೆ ಎಂದುಕೊಂಡೆ.

ಮಾವ ಈಗಿಲ್ಲ. ಅಪ್ಪನೂ ಇಲ್ಲ. ಅಂಗಡಿ ನನ್ನದು, ಮೆಟ್ಟಿಲೂ ನನ್ನದು. ಹೋದ ವರ್ಷ ಲೈಬ್ರರಿಗೆ ಪರದೆ ಹೊಲಿದುಕೊಟ್ಟೆ. ಮೇಲಿನ ಕೋಣೆಯಲ್ಲಿ ಸ್ಟೂಲು ಹತ್ತಿ ಪರದೆ ಸಿಕ್ಕಿಸುತ್ತಿರುವಾಗ ನನ್ನ ಕೆಳಗಿನ ಮೇಜಿನ ಸುತ್ತ ಏಳೆಂಟು ಜನ ಬಂದು ಕೂತರು. ಗೋಡೆಗೆ ಅಂಟಿಸಿದ ಕಾಗದದಲ್ಲಿ "ಕ್ರೀಡಾ ಸಾಹಿತ್ಯ: ಓದು, ಬರಹ" ಎಂದಿತ್ತು. ಇಳಿಯಲು ದಾರಿ ಇರಲಿಲ್ಲ, ಸ್ಟೂಲಿನ ಮೇಲೆಯೇ ನಿಂತು ಕೇಳಿದೆ. ಪಾಠ ಮಾಡುತ್ತಿದ್ದವರು ನಿವೃತ್ತ ರೆಫರಿ. ಕತ್ತಿನಲ್ಲಿ ಇನ್ನೂ ಸೀಟಿ ನೇತಾಡುತ್ತಿತ್ತು.

ಒಬ್ಬರು ತಾವು ಬರೆದದ್ದು ಓದಿದರು: "ಚೆಂಡು ಸಿಡಿಲಿನಂತೆ ಬಂದು..."

ಪೀ ಎಂದು ಸೀಟಿ.

"ಫೌಲ್," ಎಂದರು ರೆಫರಿ ಮೇಷ್ಟ್ರು. "ಸಿಡಿಲು ಬಂದದ್ದು ನೋಡಿದ್ದೀರಾ? ಎಷ್ಟು ಹತ್ತಿರದಿಂದ?"

"ಇಲ್ಲ ಸಾರ್."

"ನೋಡಿದ್ರೆ ಇಲ್ಲಿ ಕೂತು ಓದ್ತಿರ್ಲಿಲ್ಲ ನೀವು. ಚೆಂಡು ಹೆಂಗ್ ಬಂತು ಅಷ್ಟೇ ಹೇಳಿ."

ನಾನು ಮೇಲಿನಿಂದ ನಕ್ಕುಬಿಟ್ಟೆ. ಮೇಷ್ಟ್ರು ತಲೆ ಎತ್ತಿ ನೋಡಿ, "ಗ್ಯಾಲರಿಯವರು ಕೆಳಗೆ ಬನ್ನಿ, ಟೈಲರಮ್ಮ, ಕುರ್ಚಿ ಇದೆ," ಎಂದರು. ಅಂದಿನಿಂದ ನಾನೂ ವಿದ್ಯಾರ್ಥಿನಿ.

ಅಲ್ಲಿ ಏನೇನು ಓದಲಿಲ್ಲ! ಕುಸ್ತಿಯವರ ಆತ್ಮಕಥೆ, ಬೆಟ್ಟ ಹತ್ತಿ ಬೆರಳು ಕಳಕೊಂಡವರ ಬರಹ, ಹಳೆಯ ಪತ್ರಿಕೆಗಳ ಪಂದ್ಯ ವರದಿ. ಸೋದರಮಾವನ ಮಾತು ಕೇಳಿ ಬೆಳೆದವಳಿಗೆ ಇದಕ್ಕೆಲ್ಲ ಸಾಹಿತ್ಯವೆಂಬ ಹೆಸರಿದೆ ಎಂದು ತಿಳಿದದ್ದೇ ಒಂದು ಸಡಗರ. ಮೇಷ್ಟ್ರು ಒಂದು ಮಾತು ಹೇಳುತ್ತಿದ್ದರು: "ಗೆದ್ದೋರು ಯಾರು ಅಂತ ಗೊತ್ತಾದ ಮೇಲೂ ಓದಿಸ್ಕೊಂಡ್ ಹೋದ್ರೆ ಅದು ಸಾಹಿತ್ಯ. ಇಲ್ದಿದ್ರೆ ಅದು ಬರೀ ಫಲಿತಾಂಶ." ಪೋಸ್ಟ್‌ಮ್ಯಾನ್ ನೆನಪಾಗಿ ನನಗೆ ನಗು.

ವರ್ಷದ ಕೊನೆಗೆ ಎಲ್ಲರೂ ಒಂದೊಂದು ಬರಹ ಕೊಡಬೇಕಿತ್ತು. ಅದೊಂದು ಚಿಕ್ಕ ಪುಸ್ತಕವಾಗುತ್ತದೆ. ನಾನು ಬೇರೆ ಏನು ಬರೆಯಲಿ? ಮಾವ ಹೇಳಿದ ಕಪ್ ಗೆದ್ದ ಆಟ ನನಗೆ ಬಾಯಿಪಾಠ. ಮದುವೆಗಳಲ್ಲಿ, ನಾಮಕರಣಗಳಲ್ಲಿ, ಕರೆಂಟು ಹೋದಾಗ, ಕೇಳಿದವರಿಗೆಲ್ಲ ಮಾವ ಅದನ್ನು ಅದೇ ಮಾತುಗಳಲ್ಲಿ ಹೇಳುತ್ತಿದ್ದ, ಒಂದು ಪದ ಅತ್ತಿತ್ತ ಮಾಡದೆ. ಅದನ್ನೇ ಬರೆದು ಓದಿದೆ. ಸೀಟಿ ಒಮ್ಮೆಯೂ ಮೊಳಗಲಿಲ್ಲ. ನಮ್ಮ ತರಗತಿಯಲ್ಲಿದ್ದ ಬ್ಯಾಂಕಿನ ಕ್ಯಾಷಿಯರ್ ಚಪ್ಪಾಳೆ ತಟ್ಟಿದರು. ಇದನ್ನೇ ಪುಸ್ತಕದ ಕೊನೆಗೆ ಹಾಕೋಣ, ಬಿಡುಗಡೆಯ ದಿನ ನಿಮ್ಮ ಬೀದಿಯವರ ಮುಂದೆಯೇ ಓದಿಸೋಣ ಎಂದು ತೀರ್ಮಾನವಾಯಿತು. ಉಡಣ್ಣನನ್ನೂ ಕರೆಯಬೇಕು ಎಂದರು. ನನ್ನ ಕಾಲು ನೆಲ ಮುಟ್ಟುತ್ತಿರಲಿಲ್ಲ.

"ಈಗ ಪೆನ್ಸಿಲ್ ತಗೊಳ್ಳಿ," ಎಂದರು ಮೇಷ್ಟ್ರು.

ಅದು ನಮ್ಮ ತರಗತಿಯ ರೂಢಿ. ಬರೆದ ಪ್ರತಿಯೊಂದನ್ನೂ ಗೆರೆ ಎಳೆದು ನೋಡಬೇಕು. ಕಣ್ಣಿಗೆ ಕಂಡದ್ದಕ್ಕೆ ಕೆಂಪು, ಕಿವಿಗೆ ಕೇಳಿದ್ದಕ್ಕೆ ನೀಲಿ. ಯಾವ ಗೆರೆಯೂ ಬೀಳದ ಮಾತಿದ್ದರೆ ಅದು ಬರೆದವರ ಮನೆಯದು, ಮೈದಾನದ್ದಲ್ಲ.

ನಾನು ಎಳೆಯುತ್ತಾ ಹೋದೆ. ಮಾವನ ಮಾತು ಕೆಂಪೋ ಕೆಂಪು. ಅವರ ಪಟ್ಟೆ ಬನಿಯನ್ನು, ನಮ್ಮವರ ಮೊಣಕಾಲಿನ ಕೆಸರು, ಛತ್ರಿಯಿಂದ ಸನ್ನೆ ಮಾಡುತ್ತಿದ್ದ ಅವರ ಕೋಚು, ರೆಫರಿಯ ಅಂಗಿಯಲ್ಲಿ ಇಲ್ಲದ ಒಂದು ಗುಂಡಿ (ಮಾವನಿಗಲ್ಲದೆ ಇನ್ಯಾರಿಗೆ ಕಾಣಬೇಕು ಅದು!). "ಉಡ ಅಂಗೈ ಉಜ್ಜಿಕೊಂಡ. ಅವರ ಎಂಟನೇ ನಂಬರಿನವನು ಚೆಂಡು ಇಟ್ಟ. ಎತ್ತಿದ. ಮತ್ತೆ ಇಟ್ಟ." ಅಲ್ಲಿಯವರೆಗೆ ಕೆಂಪು.

ಆಮೇಲೆ ಹೀಗಿದೆ: "ನನ್ನ ಎದೆ ಘರ್ ಅಂತಿತ್ತು. ಹಲ್ಲು ಕಟಕಟ ಅಂತಿತ್ತು. ಸೀಟಿ. ದೊಪ್ ಅಂತ ಒಂದು ಸದ್ದು. ಆಮೇಲೆ ಏನೂ ಇಲ್ಲ. ಇಡೀ ಊರು ಉಸಿರು ನುಂಗಿಕೊಂಡ ಹಾಗೆ. ಎಲ್ಲೋ ಒಂದು ನಾಯಿ ಬೊಗಳಿತು. ಅಷ್ಟೇ. ಕಪ್ ನಮ್ಮದು."

ನೀಲಿ. ನೀಲಿ. ನೀಲಿ. ನನ್ನ ಕೈ ನಿಂತಿತು.

ಮೇಷ್ಟ್ರು ಹಾಳೆ ಎತ್ತಿಕೊಂಡು ಕನ್ನಡಕ ಸರಿ ಮಾಡಿಕೊಂಡರು. "ಗುಂಡಿ ಇಲ್ಲದ್ದು ಕಂಡ ಮನುಷ್ಯನಿಗೆ ಉಡ ಯಾವ ಕಡೆ ಬಿದ್ದ ಅಂತ ಕಾಣಲಿಲ್ವಾ?"

"ಬಲಕ್ಕೆ ಹಾರಿದ್ರು ಸಾರ್. ಎಲ್ಲರಿಗೂ ಗೊತ್ತು."

"ಇದರಲ್ಲಿ ಎಲ್ಲಿದೆ?"

ಇರಲಿಲ್ಲ. ಬಲಕ್ಕೆ ಹಾರಿದ್ದು ಬೀದಿಯವರು ಆಮೇಲೆ ಸೇರಿಸಿದ್ದು. ಮಾವ ಯಾವತ್ತೂ ಹೇಳಿರಲಿಲ್ಲ.

ಪಕ್ಕದಲ್ಲಿದ್ದ ನರ್ಸಕ್ಕ ಬಗ್ಗಿ ನೋಡಿದಳು. "ಎದೆ ಘರ್ ಅನ್ನಲ್ಲ ಕಣ್ರೀ. ನಾನು ದಿನಾ ಕೇಳ್ತೀನಲ್ಲ. ದಡದಡ ಅನ್ನತ್ತೆ. ಘರ್ ಅಂತ ನಡುಗೋದು ಇಂಜಿನ್ನು."

"ಹಲ್ಲು ಕಟಕಟ ಅನ್ನೋದೂ ಅದಕ್ಕೇ," ಎಂದರು ಕ್ಯಾಷಿಯರ್. "ನಿಂತಿರೋ ಬಸ್ಸಲ್ಲಿ ಹಿಂದಿನ ಸೀಟು. ಅಲ್ಲಾ, ಲಾರಿ ಪಂಕ್ಚರ್ ಆಗಿ ಆಟ ತಡವಾಗಿ ಶುರುವಾಯ್ತು ಅಂತ ನೀವೇ ಮೊದಲಲ್ಲಿ ಓದಿದ್ರಿ. ಹಾಗಿದ್ರೂ ನಿಮ್ಮ ಮಾವ ಅದೇ ಕಡೇ ಬಸ್ಸಿಗೇ ಬಂದ್ರಲ್ಲ?"

ಮೇಷ್ಟ್ರು ಮೆಲ್ಲಗೆ, "ಆ ಊರಿನ ಬಸ್‌ಸ್ಟ್ಯಾಂಡು ಮೈದಾನದ ಗೋಡೆ ಹಿಂದೇನೇ. ನಾನು ಅಲ್ಲಿ ಎಷ್ಟೋ ಆಟ ನಡೆಸಿದ್ದೀನಿ. ಸೀಟಿ ಊದಿದ್ರೆ ಬಸ್ಸಲ್ಲಿದ್ದೋರಿಗೆ ಚೆನ್ನಾಗಿ ಕೇಳತ್ತೆ," ಎಂದರು. ಆಮೇಲೆ ಇನ್ನೊಂದು: "ಕೊನೆ ಸೀಟಿ ಎಲ್ಲಿ ಟೈಲರಮ್ಮ? ಆಟ ಮುಗೀತು ಅಂತ ಉದ್ದಕ್ಕೆ ಊದ್ತಾರಲ್ಲ, ಅದು ಈ ಕತೇಲಿಲ್ಲ. ಅಷ್ಟರಲ್ಲಿ ಬಸ್ಸು ಹೊರಟಿರಬೇಕು. ಆ ಊರಿನವರು ಕೂಗ್ಲಿಲ್ಲ ಅಂದ್ರೆ ಗೋಲಾಗ್ಲಿಲ್ಲ ಅಂತ ಲೆಕ್ಕ ಹಾಕಿರ್ತಾರೆ."

ನನಗೆ ಕೋಪ ಬಂತು. "ಹಾಗಾದ್ರೆ ನಮ್ಮ ಮಾವ ಸುಳ್ಳು ಹೇಳಿದ್ನಾ?"

"ನಾನು ಹಾಗಂದ್ನಾ? ಹಾಳೆಯಲ್ಲಿ ಇದ್ದದ್ದು ಹೇಳ್ದೆ. ಎರಡೇ ದಾರಿ. ಕೊನೆ ಪ್ಯಾರಾ ತೆಗೆದುಹಾಕಿ, ಇಲ್ಲಾ ಅವರು ಎಲ್ಲಿ ಕೂತು ಕೇಳಿದ್ರು ಅಂತ ಬರೀರಿ. ಮೈದಾನದ ಒಳಗಿಂದ ಬರೆದ ಹಾಗೆ ಮಾತ್ರ ಬೇಡ."

ಹಾಳೆ ಮಡಚಿಕೊಂಡು ಮನೆಗೆ ಬಂದೆ. ಹೊಲಿಯಬೇಕಾದ ರವಿಕೆಗಳು ಹಾಗೇ ಬಿದ್ದಿದ್ದವು. ತೆಗೆದುಹಾಕಿದರೆ ಪೆನಾಲ್ಟಿ ಇಲ್ಲದ ಆಟ. ಅದನ್ನು ಯಾರು ಕೇಳುತ್ತಾರೆ? ಬರೆದರೆ, ಅಷ್ಟು ಮದುವೆಗಳಲ್ಲಿ, ಅಷ್ಟು ಮೆಟ್ಟಿಲುಗಳ ಮೇಲೆ ಹೇಳಿದ ಮಾವನ ಮಾತೇ ಬಿದ್ದುಹೋಗುತ್ತದೆ. ಅದೂ ಅವನ ಅಕ್ಕನ ಮಗಳ ಕೈಯಿಂದ. ಜೊತೆಗೆ ಉಡಣ್ಣನ ಹೆಸರೂ ಅದೇ ಮಾತಿನ ಮೇಲೆ ನಿಂತಿದೆ. ಯಾರಿಗೆ ಗೊತ್ತು, ಆ ಚೆಂಡು ಅವನನ್ನು ಮುಟ್ಟಿತ್ತೋ ಇಲ್ಲವೋ, ಕಂಬಕ್ಕೆ ಬಡಿದಿತ್ತೋ!

ಆಗ ಒಂದು ಹಳೆಯ ಬೆಳಗು ನೆನಪಾಯಿತು. ಕಪ್ ಗೆದ್ದ ಮರುದಿನದ ಬೆಳಗು. ಬೀದಿಯವರೆಲ್ಲ ಖುಷಿಯಲ್ಲಿ ಇನ್ನೂ ಮಲಗಿದ್ದರೆ ಮಾವ ಮುಖವನ್ನೂ ತೊಳೆಯದೆ ರಸ್ತೆಯ ತಿರುವಿನಲ್ಲಿ ನಿಂತಿದ್ದ. ಹಾಲು ತರಲು ಹೊರಟ ನಾನು ಅವನ ಕೈ ಹಿಡಿದೆ. ಕೈ ಬೆವರಿತ್ತು. ಲಾರಿ ಬಂತು. ಮಾವ ಮೊದಲು ಹುಡುಗರ ಮುಖ ನೋಡಲಿಲ್ಲ. ಪೀಪಾಯಿಗಳ ನಡುವೆ ಹುಡುಕಿದ. ಯಾರೋ ಕಪ್ ಎತ್ತಿ ತೋರಿಸಿದರು. ಮಾವ ಅಲ್ಲೇ ರಸ್ತೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಮುಖ ಮುಚ್ಚಿಕೊಂಡ. ಸಂತೋಷಕ್ಕೆ ಎಂದು ನಾನು ಮನೆಗೆ ಬಂದು ಅಮ್ಮನಿಗೆ ಹೇಳಿದ್ದೆ.

ಪಾಪ. ಆಟದ ಕೊನೆ ನೋಡಬೇಕೆಂದರೆ ಬಸ್ಸು ತಪ್ಪುತ್ತಿತ್ತು. ಬಸ್ಸು ಹಿಡಿದರೆ ಕೊನೆ ತಪ್ಪುತ್ತಿತ್ತು. ಮೆಟ್ಟಿಲ ಮೇಲೆ ಇಡೀ ಬೀದಿ ಕೂತಿದೆ. ಹೇಳುವುದಕ್ಕಾಗಿ ಅವನು ನೋಡುವುದನ್ನು ಬಿಟ್ಟು ಎದ್ದ.

ಮರುದಿನ ಸಲೂನಿಗೆ ಹೋದೆ. ಉಡಣ್ಣನಿಗೆ ಈಗ ಬೆನ್ನು ಬಾಗಿದೆ, ಕೈ ಮಾತ್ರ ಇನ್ನೂ ನಡುಗುವುದಿಲ್ಲ. ಕುರ್ಚಿಯಲ್ಲಿ ಹಾರ್ಡ್‌ವೇರ್ ಅಂಗಡಿಯವನು ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದ. ಉಡಣ್ಣ ಕನ್ನಡಿಯಲ್ಲೇ ನನ್ನನ್ನು ನೋಡಿದ.

"ಏನ್ ತಾಯಿ, ಹೆಣ್ಮಕ್ಕಳಿಗೂ ಕ್ಷೌರ ಶುರು ಮಾಡ್ಬೇಕಾ ನಾನು?"

"ಒಂದು ಮಾತು ಕೇಳೋಕ್ಕೆ ಬಂದೆ ಅಣ್ಣಾ. ಆ ಪೆನಾಲ್ಟಿ ಹೆಂಗಾಯ್ತು?"

ರೇಜರ್ ನಿಂತಿತು. ಅವನು ತಿರುಗಿ ನೋಡಿದ, ಈ ಸಲ ಕನ್ನಡಿಯಲ್ಲಲ್ಲ.

"ನೀನು ನನ್ನನ್ನ ಕೇಳ್ತಿದ್ದೀಯಾ?"

"ಮತ್ತಿನ್ಯಾರನ್ನ ಕೇಳ್ಲಿ?"

"ಅಲ್ಲಮ್ಮಾ, ಇಷ್ಟು ವರ್ಷ ಆಯ್ತು, ಒಬ್ರೂ ನನ್ನ ಕೇಳಿಲ್ಲ! ಈ ಕುರ್ಚೀಲಿ ಕೂತವರೆಲ್ಲ ನನಗೇ ಹೇಳ್ತಾರೆ. ನೀನು ಹಿಂಗ್ ಹಾರ್ದೆ, ಹಂಗ್ ಹಿಡ್ದೆ ಅಂತ. ನಾನು ಹೂಂ ಹೂಂ ಅಂತ ಕತ್ತರಿ ಆಡಿಸ್ತೀನಿ."

"ಬಲಕ್ಕೆ ಹಾರಿದ್ರಿ," ಎಂದ ಹಾರ್ಡ್‌ವೇರಿನವನು ನೊರೆಯೊಳಗಿಂದ.

"ನೋಡ್ದಾ?" ಎಂದ ಉಡಣ್ಣ. ಸ್ಟೂಲು ಎಳೆದು ಕೂತ. ರೇಜರನ್ನು ಮಡಚಿದ. "ನಾನು ಹಾರ್ಲಿಲ್ಲಮ್ಮ. ಆ ಎಂಟನೇ ನಂಬರಿನವನ ಕಾಲು ನೋಡಿದ್ರೆ ತೊಲೆ ಇದ್ದಂಗಿತ್ತು. ಅವನು ಓಡಿ ಬರೋದು ಕಂಡಿದ್ದೇ ತಡ, ನಾನು ಕಣ್ಣು ಮುಚ್ಕೊಂಡ್ಬಿಟ್ಟೆ."

"ಕಣ್ಣು ಮುಚ್ಕೊಂಡ್ರಾ!"

"ಗಟ್ಟಿಯಾಗಿ. ನಿಂತಲ್ಲೇ ನಿಂತಿದ್ದೆ, ಕಂಬದ ಹಾಗೆ. ಸೀಟಿ ಕೇಳ್ತು. ಹೊಟ್ಟೆಗೆ ದೊಪ್ ಅಂತು. ಕೂತ್ಕೊಂಡೆ. ಆಮೇಲೆ ಏನೂ ಸದ್ದಿಲ್ಲ. ನನಗೆ ಕಿವಿ ಹೋಯ್ತು ಅಂದ್ಕೊಂಡೆ. ಅಷ್ಟರಲ್ಲಿ ಎಲ್ಲೋ ಒಂದು ನಾಯಿ ಬೊಗಳ್ತು. ಓ, ಕಿವಿ ಇದೆ. ಆಮೇಲೆ ಉದ್ದಕ್ಕೆ ಕೊನೆ ಸೀಟಿ ಊದಿದ್ರು, ಆಗ ಕಣ್ಣು ಬಿಟ್ಟೆ. ನೋಡ್ತೀನಿ, ಮಡಿಲಲ್ಲಿ ಚೆಂಡು. ಕೂಸು ಮಲಗಿದ ಹಾಗೆ."

ಸೀಟಿ, ದೊಪ್, ಮೌನ, ನಾಯಿ. ಅದೇ ಮಾತು, ಅದೇ ಸಾಲು.

"ಬೆಳಿಗ್ಗೆ ಲಾರಿ ಇಳಿದ್ರೆ," ಎಂದು ಅವನು ಮುಂದುವರಿಸಿದ, "ಬೀದಿಯವರೆಲ್ಲ ಎದ್ದು ಬಂದು ನಿಮ್ಮ ಮಾವ ಹೇಳಿದ್ದನ್ನ ಒಪ್ಪಿಸ್ತಿದ್ದಾರೆ. ನಾನು ಕೇಳಿದ್ದು ಎಷ್ಟೋ ಅಷ್ಟೇ. ನಾನು ಹಾರಿದೆ ಅಂತಿಲ್ಲ, ನೋಡಿದೆ ಅಂತಿಲ್ಲ. ನನ್ನ ಜೀವ ಬಾಯಿಗೆ ಬಂತು. ಈ ಪುಣ್ಯಾತ್ಮ ನಾನು ಕಣ್ಣು ಮುಚ್ಚಿದ್ದು ನೋಡಿದ್ದಾನೆ, ನೋಡಿಯೂ ನನ್ನ ಮಾನ ಉಳಿಸೋಕೆ ಬರೀ ಸದ್ದು ಹೇಳಿದ್ದಾನೆ ಅಂದ್ಕೊಂಡೆ. ಅವತ್ತಿಂದ ಅವನ ತಲೆ ನನ್ನ ಜವಾಬ್ದಾರಿ. ಅವನೂ ಯಾವತ್ತೂ ಬಾಯಿ ಬಿಡ್ಲಿಲ್ಲ. ದೊಡ್ಡ ಮನುಷ್ಯ."

"ಅಣ್ಣಾ," ಎಂದೆ. "ಮಾವ ಅದನ್ನ ನೋಡೇ ಇಲ್ಲ. ಅವನು ಬಸ್ಸಲ್ಲಿದ್ದ."

ಪೆನ್ಸಿಲ್ಲು, ಇಂಜಿನ್ನು, ಲಾರಿಯ ತಿರುವು, ಎಲ್ಲ ಹೇಳಿದೆ. ಭಾನುವಾರ ಭಾನುವಾರ ಮಾವ ಮನೆಗೆ ಬಂದು ನನಗೆ ಹೇಳುತ್ತಿದ್ದ ಮಾತನ್ನೂ ಹೇಳಿದೆ. ಉಡಣ್ಣ ಬಾಯಿ ತೆರೆದು ಕೂತಿದ್ದ. ಆಮೇಲೆ ಅವನ ಭುಜ ಕುಲುಕತೊಡಗಿತು. ಅಳುತ್ತಿದ್ದಾನೆಂದು ನಾನು ಎದ್ದು ಹತ್ತಿರ ಹೋದರೆ, ನಗು! ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ನಗು.

"ಅಯ್ಯೋ ಕಳ್ಳ! ನಾನು ಬಾಯಿ ಬಿಡ್ತೀನಿ ಅಂತ ಅವನಿಗೆ ಭಯ, ಅವನು ಬಾಯಿ ಬಿಡ್ತಾನೆ ಅಂತ ನನಗೆ ಭಯ. ಬೋಳುತಲೆ ಮುಂದಿಟ್ಕೊಂಡು ಅಷ್ಟು ಭಾನುವಾರ ಇಬ್ರೂ ಕನ್ನಡೀಲಿ ಮುಖ ಮುಖ ನೋಡಿದ್ವಲ್ಲೇ!"

"ನನ್ನ ನೊರೆ ಒಣಗ್ತಿದೆ," ಎಂದ ಹಾರ್ಡ್‌ವೇರಿನವನು. "ಆದ್ರೂ ನೀವು ಬಲಕ್ಕೇ ಹಾರಿದ್ದು. ನಮ್ಮಪ್ಪ ಹೇಳ್ತಿದ್ರು."

"ಗದ್ದ ಅಲ್ಲಾಡಿಸ್ಬೇಡ, ಕುಯ್ದುಬಿಟ್ಟೇನು," ಎಂದು ಎದ್ದ ಉಡಣ್ಣ. ಒಂದು ಕೆನ್ನೆ ಮುಗಿಸಿದ. ಆಮೇಲೆ ನನ್ನತ್ತ ತಿರುಗದೆ ಹೇಳಿದ: "ಬರಿ. ಅವನು ಬಸ್ಸಲ್ಲಿದ್ದದ್ದು ಬರಿ, ನಾನು ಕಣ್ಣು ಮುಚ್ಚಿದ್ದೂ ಬರಿ. ಒಬ್ಬಂದೇ ಬರೆದ್ರೆ ಇನ್ನೊಬ್ಬನಿಗೆ ಅನ್ಯಾಯ ಆಗತ್ತೆ."

"ಬೀದಿಯವರು ಏನಂತಾರೋ?"

"ಏನಂತಾರೆ? ನನಗೇ ಹೇಳ್ತಾರೆ."

ಪುಸ್ತಕದ ಬಿಡುಗಡೆಯನ್ನು ಮೇಷ್ಟ್ರು ಲೈಬ್ರರಿಯಲ್ಲಿ ಇಡಲಿಲ್ಲ. ನಮ್ಮ ಅಂಗಡಿಯ ಮೆಟ್ಟಿಲ ಮುಂದೆಯೇ ಬೆಂಚು ಹಾಕಿಸಿದರು. ಸಂಜೆಯ ಬಿಸಿಲು ಇನ್ನೂ ಇತ್ತು. ಹಳಬರು ಬೆಂಚಿನ ಮೇಲೆ, ಮಕ್ಕಳು ನೆಲದ ಮೇಲೆ, ಹಾರ್ಡ್‌ವೇರಿನವನು ಕೈಕಟ್ಟಿಕೊಂಡು ಹಿಂದೆ. ಉಡಣ್ಣ ಮುಂದಿನ ಸಾಲಿನಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೈದಾನಕ್ಕೆ ಇಳಿಯುವವನ ಹಾಗೆ ಅಂಗೈ ಉಜ್ಜಿಕೊಳ್ಳುತ್ತಿದ್ದ.

ನಾನು ಮೊದಲು ಒಂದು ಲೋಟ ನೀರು ಕುಡಿದೆ. ಹಳಬರಲ್ಲಿ ಯಾರೋ "ಆಹಾ" ಅಂದರು. ಮೈದಾನ ಹೇಳಿದೆ, ಹುಲ್ಲು ಹೇಳಿದೆ, ಗಾಳಿ ಹೇಳಿದೆ, ಕಾಣದ ಗುಂಡಿ ಹೇಳಿದೆ. ನನ್ನ ದನಿ ಮಾವನ ದನಿಯಲ್ಲ, ಆದರೂ ಕೆಲವರ ತುಟಿಗಳು ನನಗಿಂತ ಮೊದಲೇ ಆಡುತ್ತಿದ್ದವು. ಎಂಟನೇ ನಂಬರಿನವನು ಚೆಂಡು ಇಟ್ಟ. ಎತ್ತಿದ. ಮತ್ತೆ ಇಟ್ಟ.

"ಇಲ್ಲಿ ಮಾವ ಎದ್ದ," ಎಂದು ಓದಿದೆ. "ಕಂಡಕ್ಟರು ಗಂಟೆ ಬಾರಿಸುತ್ತಿದ್ದ. ಗೋಡೆಯ ಹಿಂದಿನ ಬಸ್ಸಿನಲ್ಲಿ ಅವನಿಗೆ ಸಿಕ್ಕಿದ್ದು ಹಿಂದಿನ ಸೀಟು. ನಮ್ಮ ಬೀದಿಯ ಮೆಟ್ಟಿಲು ಕಾಯುತ್ತಿತ್ತು. ಕಾಯಿಸಿ ರೂಢಿ ಇರಲಿಲ್ಲ ಅವನಿಗೆ."

ತುಟಿಗಳೆಲ್ಲ ನಿಂತವು. ಯಾರೋ ಮುದುಕಿ "ಅಯ್ಯೋ ನಮ್ಮಪ್ಪಾ" ಎಂದಳು. ಅದರಲ್ಲಿ ಬೈಗುಳ ಇರಲಿಲ್ಲ. ಅವನು ಎಷ್ಟು ದಣಿದಿರಬೇಕು ಎಂದ ಹಾಗಿತ್ತು. ನಾನು ತಲೆ ಎತ್ತದೆ ಇಬ್ಬರ ಕತೆಯನ್ನೂ ಒಟ್ಟಿಗೆ ಓದಿದೆ, ಬಸ್ಸಿನೊಳಗೆ ಒಬ್ಬ, ಗೋಲಿನೊಳಗೆ ಒಬ್ಬ, ನಡುವೆ ಒಂದು ಗೋಡೆ. ಸೀಟಿ. ದೊಪ್. ಆಮೇಲೆ ಏನೂ ಇಲ್ಲ. ನಾಯಿ.

ಓದು ನಿಂತಾಗ ಬೀದಿಯೂ ಹಾಗೇ ಇತ್ತು, ಉಸಿರು ನುಂಗಿಕೊಂಡು. ಹಾರ್ಡ್‌ವೇರಿನವನು ಏನೋ ಹೇಳಲು ಬಾಯಿ ತೆಗೆದು ಮುಚ್ಚಿಕೊಂಡ.

ಉಡಣ್ಣ ಎದ್ದು ನಿಂತ. "ಮೇಷ್ಟ್ರೇ, ಕೊನೆ ಸೀಟಿ ಅವನು ಕೇಳಿಸ್ಕೊಳ್ಳಲಿಲ್ಲವಂತೆ. ಒಂದ್ಸಲ ಊದ್ಬಿಡಿ."

ರೆಫರಿ ಮೇಷ್ಟ್ರು ಕೋಟಿನ ಗುಂಡಿ ಹಾಕಿಕೊಂಡರು. ಉಡಣ್ಣ ಕಣ್ಣು ಮುಚ್ಚಿದ, ಗಟ್ಟಿಯಾಗಿ. ಸೀಟಿ ಬೀದಿಯ ಉದ್ದಕ್ಕೂ ಹೋಯಿತು, ಗೋದಾಮು ದಾಟಿ, ಲಾರಿ ಬರುತ್ತಿದ್ದ ತಿರುವಿನವರೆಗೆ.

"ಹಾಂ," ಎಂದು ಕಣ್ಣು ಬಿಟ್ಟ. "ಈಗ ಮುಗೀತು. ಯಾರ್ ಯಾರಿಗೆ ಟೀ?"